ಮೂವತ್ತೆಂಟು ನಿಮಿಷ

ಫೆಬ್ರವರಿ 3, ಬೆಳಿಗ್ಗೆ 6.15

ಲೋಡಿಂಗ್ ಮುಗಿಯಿತು. ಎಂದಿನಂತೆ ನಲವತ್ತು ನಿಮಿಷ ತಡ. ಕ್ರೇನಿನವನಿಗೆ ನೆಗಡಿ, ಅವನು ಸೀನಿದಾಗಲೆಲ್ಲ ಸರಪಳಿ ಅಲುಗುತ್ತದೆ. ಐದು ಟನ್ ಸೀಸ ತಲೆಯ ಮೇಲೆ ತೂಗುತ್ತಿರುವಾಗ ಸೀನಬೇಡವೋ ಮಾರಾಯ ಎಂದೆ. ನಕ್ಕ. ಮತ್ತೆ ಸೀನಿದ.

ಕಾಗದದಲ್ಲಿ ಅದರ ಹೆಸರು ಫ್ಲಾಸ್ಕ್. ನಮ್ಮ ಬಾಯಲ್ಲಿ ಹಂಡೆ. ಒಳಗೆ ಹೆಬ್ಬೆರಳಿನಷ್ಟು ಕೋಬಾಲ್ಟ್. ಆಸ್ಪತ್ರೆಯ ಯಂತ್ರದೊಳಗೆ ಕೂತರೆ ಕ್ಯಾನ್ಸರ್ ಗೆಡ್ಡೆಯನ್ನು ಸುಡುತ್ತದೆ. ಯಂತ್ರವೂ ಇಲ್ಲದೆ ಹಂಡೆಯೂ ಇಲ್ಲದೆ ಬರಿಗೈಗೆ ಸಿಕ್ಕರೆ ಸಿಕ್ಕವರನ್ನೇ ಸುಡುತ್ತದೆ. ಅದಕ್ಕೇ ಅಷ್ಟು ಸೀಸ.

ಪ್ಲಾಂಟಿನ ಆಫೀಸರು ಮೀಟರ್ ಹಿಡಿದು ನೋಡಿ ಬರೆದ ಹಾಳೆ ಕೊಟ್ಟರು. ಸಹಿ. ಸೀಲ್. ಇನ್ನೊಂದು ಸಹಿ. ಗಾರ್ಡ್ ಮಾವ ಆಗಲೇ ಸೀಟಿಗೆ ಒರಗಿ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡಿದ್ದಾನೆ. ಯಾರಿಗೂ ಸ್ವಂತ ಮಾವ ಅಲ್ಲ, ಆದರೂ ಎಲ್ಲರಿಗೂ ಮಾವ. ಎರಡು ವರ್ಷದ ಹಿಂದೆ ಜೊತೆಗೆ ಇನ್ನೊಬ್ಬ ಡ್ರೈವರ್ ಇರುತ್ತಿದ್ದ. ಕಂಪನಿ ತೆಗೆದುಹಾಕಿತು. ಈಗ ನಾನು, ಮಾವ, ಹಂಡೆ.

ಟ್ರಿಪ್ ಪುಸ್ತಕದಲ್ಲಿ ಕಿಲೋಮೀಟರ್ ಮಾತ್ರ ಬರೆಯಬೇಕು. ಉಳಿದದ್ದು ಇಲ್ಲಿ. ಇಪ್ಪತ್ತೆರಡು ವರ್ಷ, ವಿಕಿರಣದ ಹಳದಿ ಚಿಹ್ನೆ ಹೊತ್ತ ಈ ಗಾಡಿಗೆ ಒಂದು ಗೀರಿಲ್ಲ.

ಹೊರಡಬೇಕು.

ಅದೇ ದಿನ, ಸಂಜೆ 5.10

ಈಗಲೇ ಬರೆದಿಡಬೇಕು. ನಾಳೆ ಬೇರೆಯವರು ಬೇರೆ ಥರ ಬರೆಯುತ್ತಾರೆ.

12.52ಕ್ಕೆ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಗಾಡಿ ನಿಲ್ಲಿಸಿದೆ. ಪ್ರತಿ ತಿಂಗಳೂ ಅಲ್ಲೇ. ಒಬ್ಬರು ಗಾಡಿಯಲ್ಲೇ ಇರಬೇಕೆಂದು ನಿಯಮ ಇದೆ. ಮಾವನಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ತಿನ್ನಬೇಕು. ನನಗೂ ಬೆಳಗಿನಿಂದ ಹೊಟ್ಟೆಗೇನೂ ಇಲ್ಲ. ಇಬ್ಬರೂ ಇಳಿದೆವು. ಪ್ರತಿ ಸಲವೂ ಇಬ್ಬರೂ ಇಳಿಯುತ್ತೇವೆ. ಯಾರೂ ಓದದ ಪುಸ್ತಕದಲ್ಲಿ ಸುಳ್ಳು ಬರೆದು ಏನು ಪ್ರಯೋಜನ.

ಕಿಟಕಿ ಪಕ್ಕದ ಮೇಜು ಸಿಗಲಿಲ್ಲ. ಹದಿನಾಲ್ಕು ನಿಮಿಷದಲ್ಲಿ ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತ ಹೊರಗೆ ಬಂದೆ.

ಗಾಡಿ ಇಲ್ಲ.

ಮೊದಲು ನಾನೇ ಬೇರೆ ಕಡೆ ನಿಲ್ಲಿಸಿದೆನೇನೋ ಅನ್ನಿಸಿತು. ನೆಲದಲ್ಲಿ ನನ್ನ ಗಾಡಿಯ ಎಣ್ಣೆಯ ಕಲೆ ಇತ್ತು. ಹಸಿ ಕಲೆ. ಮಾವ ಅಲ್ಲೇ ನೆಲದ ಮೇಲೆ ಕುಸಿದ. ನಾನು ರಸ್ತೆಯವರೆಗೂ ಓಡಿದೆ, ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ನೂರು ಗಾಡಿ. ನನ್ನದಿಲ್ಲ.

ಕುತ್ತಿಗೆಯಲ್ಲಿ ತುರ್ತು ಕಾರ್ಡ್ ಇದೆ. ಕೆಂಪಕ್ಷರದಲ್ಲಿ ನಂಬರ್. ಇಷ್ಟು ವರ್ಷದಲ್ಲಿ ಒಮ್ಮೆಯೂ ಒತ್ತಿರಲಿಲ್ಲ. ಒತ್ತಿದೆ. ಆ ಕಡೆಯಿಂದ ಒಬ್ಬ, ನಿಮ್ಮ ಬಟ್ಟೆ ಶುಕ್ರವಾರಕ್ಕೆ ರೆಡಿ ಆಗುತ್ತೆ ಎಂದ. ಕತ್ತರಿಸಿ ಮತ್ತೆ ಒತ್ತಿದೆ. ಅವನೇ. ಮೂರನೇ ಸಲವೂ ಅವನೇ. ಇದು ಇಸ್ತ್ರಿ ಅಂಗಡಿ ಕಣಪ್ಪ ಎಂದ.

ಕಂಪನಿಗೆ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು, ಊಟದ ಹೊತ್ತು. ಪೊಲೀಸ್ ನಂಬರಿಗೆ ಮಾಡಿದೆ. ಗಾಡಿಯ ಬಣ್ಣ ಕೇಳಿದರು, ನಂಬರ್ ಕೇಳಿದರು, ಏನು ಲೋಡು ಎಂದರು. ಹೇಳಿದೆ. ಕೋಬಾಲ್ಟ್ ಅಂದರೆ ಪೇಂಟಾ ಎಂದರು.

1.44ಕ್ಕೆ ಒಂದು ಬಿಳಿ ಕಾರು ಬಂತು. ಐವತ್ತರ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಾರೆ. ಗುರುತಿನ ಚೀಟಿ ತೋರಿಸಿದರು. ಪರಮಾಣು ಸುರಕ್ಷತೆಯ ಇನ್‌ಸ್ಪೆಕ್ಟರ್.

"ನಿಮ್ಮ ಗಾಡಿ ನಮ್ಮ ಹತ್ರ ಇದೆ. ಏನೂ ಆಗಿಲ್ಲ. ಇದು ಪರೀಕ್ಷೆ."

ಹಂಡೆ ಎಂದಷ್ಟೇ ಕೇಳಿದೆ.

"ಖಾಲಿ. ಬೆಳಿಗ್ಗೆಯಿಂದಲೂ ಖಾಲಿನೇ. ಪ್ಲಾಂಟಿನವರಿಗೆ ಮಾತ್ರ ಗೊತ್ತಿತ್ತು."

ಇನ್ನೂರ ಎಂಬತ್ತು ಕಿಲೋಮೀಟರ್ ಖಾಲಿ ಹಂಡೆಯನ್ನು ದೇವರ ಮೂರ್ತಿಯಂತೆ ಹೊತ್ತು ತಂದಿದ್ದೇನೆ. ಗುಂಡಿ ಬಂದಲ್ಲೆಲ್ಲ ಬ್ರೇಕ್ ಹಿಡಿದು. ನನ್ನ ಹತ್ತಿರ ಮೀಟರ್ ಇಲ್ಲ. ಹಾಳೆ ಹೇಳಿದ್ದೇ ವೇದ.

ಗಾಡಿ ಇಲ್ಲವೆಂದು ಕಂಡಾಗಿನಿಂದ ಆ ಕಾರು ಬರುವವರೆಗೆ ಮೂವತ್ತೆಂಟು ನಿಮಿಷ.

ಫೆಬ್ರವರಿ 4

ಹೆಂಡತಿಗೆ ಎಲ್ಲ ಹೇಳಿದೆ. ಕ್ಯಾನ್ಸರ್ ವಾರ್ಡಿನ ನರ್ಸು ಇವಳು. ನಾನು ತಿಂಗಳಿಗೊಂದು ಆಸ್ಪತ್ರೆಗೆ ಒಯ್ಯುತ್ತೇನೆ, ಈ ಸಲದ್ದು ಇವಳ ವಾರ್ಡಿಗೇ ಸೇರಬೇಕಿತ್ತು. ಸಮಾಧಾನ ಮಾಡುತ್ತಾಳೆಂದುಕೊಂಡಿದ್ದೆ. ಮೊದಲು ಕೇಳಿದ್ದು, ಹಾಗಾದರೆ ಈ ತಿಂಗಳು ಕೋಬಾಲ್ಟ್ ಬರುವುದಿಲ್ಲವೇ ಎಂದು. ಯಂತ್ರದ ಶಕ್ತಿ ಕುಂದಿದೆಯಂತೆ, ಹತ್ತು ನಿಮಿಷದ ಚಿಕಿತ್ಸೆಗೆ ಇಪ್ಪತ್ತೈದು ಬೇಕು, ಮೂವತ್ತು ಜನ ಕಾಯುತ್ತಿದ್ದಾರಂತೆ.

ಆ ಹೆಂಗಸು ನನ್ನನ್ನು ಕಳ್ಳನ ಥರ ನಿಲ್ಲಿಸಿದಳು ಎಂದು ನಾನು ಶುರು ಮಾಡಿದೆ. ಮೂರು ಸಲ ಅದನ್ನೇ ಹೇಳಿದೆನಂತೆ. ಇವಳು ಸೋಪು ಕೈ ಒರೆಸಿಕೊಂಡು ಎದುರಿಗೆ ಕೂತಳು.

"ನಿಮಗೆ ಅವಮಾನ ಆಗಿದೆ ರೀ, ಒಪ್ಕೋತೀನಿ. ಆದ್ರೆ ನಿಜವಾಗ್ಲೂ ಕದ್ದಿದ್ರೆ? ನೀವು ಆ ಇಸ್ತ್ರಿಯವನ ಹತ್ರ ಮಾತಾಡ್ತಿರೋ ಹೊತ್ತಿಗೆ ಅದು ಎಲ್ಲಿರ್ತಿತ್ತು?"

ಇವಳು ಡ್ಯೂಟಿಗೆ ಹೋದ ಮೇಲೆ ರಸ್ತೆ ನಕ್ಷೆ ಹರಡಿದೆ. ಮೂವತ್ತೆಂಟು ನಿಮಿಷಕ್ಕೆ ನಲವತ್ತು ಕಿಲೋಮೀಟರ್ ಆರಾಮಾಗಿ ಹೋಗಬಹುದು. ಕೈವಾರ ಇಲ್ಲ. ಲೋಟಗಳನ್ನೂ ಮುಚ್ಚಳಗಳನ್ನೂ ಇಟ್ಟು ನೋಡಿದೆ. ಸಾರಿನ ಪಾತ್ರೆಯ ಮುಚ್ಚಳ ಸರಿಹೊಂದಿತು. ಹೋಟೆಲಿನ ಮೇಲೆ ಅದನ್ನಿಟ್ಟು ಸುತ್ತ ಗೆರೆ ಎಳೆದೆ.

ಗೆರೆಯೊಳಗೆ ತರಕಾರಿ ಮಾರುಕಟ್ಟೆ. ರೈಲು ನಿಲ್ದಾಣ. ಮಗಳ ಕಾಲೇಜು. ನೀರಿನ ಟ್ಯಾಂಕು. ಇವಳ ಆಸ್ಪತ್ರೆ. ನಮ್ಮ ಮನೆ.

ತರಬೇತಿಯಲ್ಲಿ ಹೇಳಿದ್ದರು. ಇಂಥದ್ದನ್ನು ಮಾಮೂಲಿ ಸ್ಫೋಟಕದ ಜೊತೆ ಸೇರಿಸಿ ಒಡೆದರೆ ಸಾಯುವವರು ಕಡಿಮೆ ಇರಬಹುದು, ಆದರೆ ಧೂಳು ಬಿದ್ದ ಬೀದಿಗೆ ವರ್ಷಗಟ್ಟಲೆ ಯಾರೂ ಮರಳುವಂತಿಲ್ಲ ಎಂದು. ಆಗ ನಾನು ಆಕಳಿಸುತ್ತ ಕೂತಿದ್ದೆ. ಬಿಸ್ಕತ್ತು ಚೆನ್ನಾಗಿತ್ತು ಎಂಬುದು ಮಾತ್ರ ನೆನಪು.

ಗಾಡಿ ಬಿಟ್ಟು ಇಳಿದದ್ದು ನನ್ನ ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಆದರೆ ಗಾಡಿ ಕಾಣದಾದ ಮೇಲಿನ ಮೂವತ್ತೆಂಟು ನಿಮಿಷ ನನ್ನದಲ್ಲ. ಅದು ಯಾರದು ಎಂದು ಕೇಳಿಯೇ ತೀರುತ್ತೇನೆ.

ಫೆಬ್ರವರಿ 6

ಅಮಾನತ್ತು. ಎರಡು ಸಾಲಿನ ಕಾಗದ. ಮಾವನನ್ನು ಕೆಲಸದಿಂದಲೇ ತೆಗೆದರು. ಮುಂದಿನ ತಿಂಗಳ ಟ್ರಿಪ್ಪಿಗೆ, ಇಲ್ಲಿಯವರೆಗೆ ಬೇರೆ ದಾರಿಯ ಗಾಡಿ ಓಡಿಸುತ್ತಿದ್ದ ಮೀಸೆಯಣ್ಣನ ಹೆಸರು ಹಾಕಿದ್ದಾರೆ. ನನಗೆ ಈ ಕೆಲಸ ಕಲಿಸಿದವನೇ ಅವನು.

ಫೆಬ್ರವರಿ 12

ವಿಚಾರಣೆ. ಉದ್ದನೆ ಮೇಜು, ಆ ಕಡೆ ಮೂವರು, ಈ ಕಡೆ ನಾನು. ಮ್ಯಾನೇಜರ್ ಓದಿದರು: ಚಾಲಕನ ನಿರ್ಲಕ್ಷ್ಯ, ಚಾಲಕನ ನಿರ್ಲಕ್ಷ್ಯ, ಚಾಲಕನ ನಿರ್ಲಕ್ಷ್ಯ. ಕನ್ನಡಕದ ಮೇಡಂ ಮೂಲೆಯಲ್ಲಿ ಕೂತು ಬರೆದುಕೊಳ್ಳುತ್ತಿದ್ದರು.

ತಪ್ಪು ನನ್ನದೇ ಎಂದು ಮೊದಲೇ ಹೇಳಿದೆ. ಅವರಿಗೆ ಅಷ್ಟು ಸಾಕಿತ್ತು, ಫೈಲು ಮುಚ್ಚಲು ಹೊರಟರು. ಒಂದೇ ಒಂದು ಪ್ರಶ್ನೆ ಇದೆ ಎಂದೆ.

"ಗಾಡಿ ಇಲ್ಲ ಅಂತ ನಾನು ಮೂವತ್ತೆಂಟು ನಿಮಿಷ ಒದ್ದಾಡಿದೆ. ಅದ್ರಲ್ಲಿ ಎಷ್ಟನೇ ನಿಮಿಷಕ್ಕೆ ನಿಮಗೆ ಗೊತ್ತಾಯ್ತು ಸಾರ್?"

ಮ್ಯಾನೇಜರ್ ಫೈಲಿನ ದಾರ ಕಟ್ಟತೊಡಗಿದರು. ಗಾಡಿಯಲ್ಲಿ ಟ್ರ್ಯಾಕರ್ ಇದೆ. ಆಫೀಸಿನಲ್ಲಿ ಅದರ ಪರದೆಯೂ ಇದೆ. ನೋಡುವವರು ಊಟಕ್ಕೆ ಹೋಗಿದ್ದರು. ನಾನೂ ಊಟಕ್ಕೇ ಹೋಗಿದ್ದೆ.

ತುರ್ತು ನಂಬರಿನ ವಿಷಯ ತೆಗೆದೆ. ಅದು ಈ ವಿಚಾರಣೆಯ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಹೊರಗೆ ಬರುವಾಗ ಮೇಡಂ ನನ್ನ ಕುತ್ತಿಗೆಯ ಕಾರ್ಡ್ ಕೇಳಿ ತೆಗೆದುಕೊಂಡರು. ತಿರುಗಿಸಿ ನೋಡಿ ಚೀಲಕ್ಕೆ ಹಾಕಿಕೊಂಡರು.

ಫೆಬ್ರವರಿ 13

ಆ ನಂಬರಿಗೆ ಮತ್ತೆ ಫೋನ್ ಮಾಡಿ ವಿಳಾಸ ಕೇಳಿ ಇಸ್ತ್ರಿ ಅಂಗಡಿಗೆ ಹೋದೆ. ಸಣ್ಣ ಅಂಗಡಿ, ಹಬೆ, ಸಾಲಾಗಿ ನೇತುಹಾಕಿದ ಕೋಟುಗಳು. ಅವತ್ತು ಕಿರುಚಿದವನು ನಾನೇ ಎಂದು ಪರಿಚಯ ಹೇಳಿಕೊಂಡೆ. ಒಳ್ಳೆ ಮನುಷ್ಯ. ಸ್ಟೂಲು ಕೊಟ್ಟ. ಈ ನಂಬರ್ ತಗೊಂಡು ಮೂರು ವರ್ಷ ಆಯಿತಂತೆ. ಮೂರು ವರ್ಷದಿಂದ ನಾವು ಸತ್ತ ನಂಬರನ್ನು ತಾಯಿತದಂತೆ ಕಟ್ಟಿಕೊಂಡು ತಿರುಗಿದ್ದೇವೆ.

ಇಂಥ ಫೋನು ಇನ್ಯಾವಾಗಲಾದರೂ ಬಂದಿತ್ತೇ ಎಂದೆ. ಯೋಚಿಸಿದ. ಕಳೆದ ವರ್ಷ ಒಂದು ಬಂದಿತ್ತಂತೆ. ಜೋರು ಮಳೆಯ ದಿನ. ಆಕ್ಸಲ್ ಮುರಿದಿದೆ, ಗಾಡಿ ಕಾಡು ರಸ್ತೆಯಲ್ಲಿ ನಿಂತಿದೆ, ನಾನೊಬ್ಬನೇ ಇದ್ದೀನಿ, ಬೇಗ ಯಾರನ್ನಾದರೂ ಕಳಿಸಿ ಎಂದು.

"ರಾಂಗ್ ನಂಬರ್ ಅಂದೆ. ಅಳೋ ಥರ ಇತ್ತು ಪಾಪ. ಎರಡು ಮಾತಿಗೊಂದ್ಸಲ ಗೊತ್ತಾಯ್ತಾ, ಗೊತ್ತಾಯ್ತಾ ಅಂತಿದ್ದ."

ಸ್ಟೂಲಿನಿಂದ ಎದ್ದೆ. ಎರಡು ಮಾತಿಗೊಮ್ಮೆ ಗೊತ್ತಾಯ್ತಾ ಎನ್ನುವ ಡ್ರೈವರ್ ನಮ್ಮ ಕಂಪನಿಯಲ್ಲಿ ಒಬ್ಬನೇ.

ಫೆಬ್ರವರಿ 15, ಭಾನುವಾರ

ಮೀಸೆಯಣ್ಣನ ಮನೆಗೆ ಹೋದೆ. ಅತ್ತಿಗೆ ಚಹಾ ತಂದಿಟ್ಟು ಒಳಗೆ ಹೋದರು. ಅವನು ಕನ್ನಡಿ ಮುಂದೆ ಕೂತು ಮೀಸೆ ಕತ್ತರಿಸಿಕೊಳ್ಳುತ್ತಿದ್ದ. ಇಸ್ತ್ರಿ ಅಂಗಡಿ ಎಂದೆ, ಅಷ್ಟೇ. ಕತ್ತರಿ ನಿಂತಿತು.

ಅದನ್ನು ಕೆಳಗಿಟ್ಟು ಹೇಳಿದ. ಅವತ್ತು ಗಾರ್ಡ್ ರಜೆ ಹಾಕಿದ್ದ, ಕಂಪನಿ ಬದಲಿ ಕೊಡಲಿಲ್ಲ. ಆಕ್ಸಲ್ ಮುರಿಯಿತು. ಯಾರೂ ಫೋನ್ ಎತ್ತಲಿಲ್ಲ. ಮೆಕ್ಯಾನಿಕ್‌ನನ್ನು ಹುಡುಕಿಕೊಂಡು ಮಳೆಯಲ್ಲಿ ನಡೆದುಹೋದ. ಹೋಗಿಬರಲು ಒಂದೂಕಾಲು ಗಂಟೆ. ಅಷ್ಟೂ ಹೊತ್ತು ಹಂಡೆ ಕಾಡು ರಸ್ತೆಯಲ್ಲಿ ಅನಾಥ. ಖಾಲಿ ಹಂಡೆ ಅಲ್ಲ, ತುಂಬಿದ ಹಂಡೆ. ಟ್ರಿಪ್ ಪುಸ್ತಕದಲ್ಲಿ ಟಯರ್ ಪಂಕ್ಚರ್ ಎಂದು ಬರೆದ.

ಇದನ್ನು ಹೇಳು, ಆಗ ಒಬ್ಬನ ತಪ್ಪಲ್ಲ ಎಂದು ಅವರಿಗೆ ಅರ್ಥವಾಗುತ್ತದೆ ಎಂದೆ.

"ರಿಟೈರ್ ಆಗೋಕೆ ಎಂಟು ತಿಂಗಳಿದೆ ಕಣೋ, ಗೊತ್ತಾಯ್ತಾ. ಎಂಟೇ ತಿಂಗಳು."

ಬೈಯಲು ಬಾಯಿ ಬರಲಿಲ್ಲ. ಕ್ಲಚ್ ಹಿಡಿಯಲು ಕಲಿಸಿದವನು. ನಿನ್ನ ಹೆಸರು ನನ್ನ ಬಾಯಿಂದ ಬರುವುದಿಲ್ಲ ಎಂದು ಮಾತು ಕೊಟ್ಟು ಬಂದೆ. ಕೊಟ್ಟಾದ ಮೇಲೆ ಬೀದಿಯುದ್ದಕ್ಕೂ ನನಗೆ ನಾನೇ ಬೈದುಕೊಂಡೆ.

ಫೆಬ್ರವರಿ 20

ಬಸ್ಸಿನಲ್ಲಿ ಆ ಹೋಟೆಲಿಗೆ ಹೋದೆ. ಯಾಕೆ ಹೋದೆ ಎಂದರೆ... ಆ ಜಾಗ ಇನ್ನೊಮ್ಮೆ ನೋಡಬೇಕಿತ್ತು. ಸ್ಟೇರಿಂಗ್ ಇಲ್ಲದೆ ಅದೇ ರಸ್ತೆ ಬೇರೆ ಥರ ಕಾಣುತ್ತದೆ. ಎಲ್ಲಿ ಗಾಡಿಗಳು ನಿಧಾನ ಮಾಡಲೇಬೇಕು, ಎಲ್ಲಿ ಗಂಟೆಗಟ್ಟಲೆ ಒಂದು ನರಪಿಳ್ಳೆಯೂ ಇರುವುದಿಲ್ಲ, ಎಲ್ಲ ಕಣ್ಣಿಗೆ ಹೊಡೆಯುತ್ತದೆ.

ಹೋಟೆಲ್ ಯಜಮಾನನಿಗೆ ನನ್ನನ್ನು ನೋಡಿ ಮುಜುಗರ. ತಾನೇ ಚಹಾ ತಂದು ಎದುರಿಗೆ ಕೂತ. ಮಾತಿನ ಮಧ್ಯೆ, ನಿಮ್ಮ ಆಫೀಸಿನವರು ಬಹಳ ದಿನದಿಂದ ತಯಾರಿ ನಡೆಸಿದ್ದರಲ್ಲವೇ ಎಂದ. ಯಾಕೆ ಎಂದೆ.

"ಜನವರೀಲೇ ಇಬ್ಬರು ಬಂದು ಕೇಳಿದ್ರಲ್ಲ. ಹಳದಿ ಚಿಹ್ನೆ ಲಾರಿ ಯಾವತ್ತು ಬರುತ್ತೆ, ಎಷ್ಟೊತ್ತು ನಿಲ್ಲುತ್ತೆ ಅಂತ. ತಿಂಗಳ ಮೊದಲ ಮಂಗಳವಾರ ಅಂದೆ. ಇಡೀ ರಸ್ತೆಗೇ ಗೊತ್ತಿರೋ ವಿಷಯ."

ಹೊರಗೆ ಬಂದು ಮೇಡಂಗೆ ಫೋನ್ ಮಾಡಿದೆ. ನಿಮ್ಮವರು ಜನವರಿಯಲ್ಲಿ ಇಲ್ಲಿಗೆ ಬಂದಿದ್ದರಾ ಎಂದೆ. ಆ ಕಡೆ ಕುರ್ಚಿ ಸರಿದ ಸದ್ದು.

"ಇಲ್ಲ. ನಾವು ಯಾರನ್ನೂ ಕೇಳಿಲ್ಲ. ವೇಳಾಪಟ್ಟಿ ನಮಗೆ ಆಫೀಸಿಂದಲೇ ಸಿಕ್ಕಿತ್ತು. ನೀವೀಗ ಎಲ್ಲಿದ್ದೀರಿ? ಅಲ್ಲೇ ಇರಿ."

ಮಾರ್ಚ್ ಮೂರು ಮೊದಲ ಮಂಗಳವಾರ. ಹನ್ನೊಂದು ದಿನ ಇದೆ. ಗಾಡಿಯಲ್ಲಿ ಮೀಸೆಯಣ್ಣ.

ಫೆಬ್ರವರಿ 21

ಮ್ಯಾನೇಜರ್ ಹತ್ತಿರ ಹೋದೆ. ಮಾರ್ಚಿನ ದಿನ ಬದಲಿಸಿ ಎಂದೆ. ಆಸ್ಪತ್ರೆ ಕಾಯುತ್ತಿದೆ, ಕ್ರೇನ್ ಬುಕ್ ಆಗಿದೆ, ಅಮಾನತ್ತಾದ ಡ್ರೈವರ್ ಹೇಳಿದ ಹಾಗೆ ವೇಳಾಪಟ್ಟಿ ಬದಲಿಸಲಾಗದು ಎಂದರು. ಹೋಟೆಲಿನವರ ಹರಟೆಗೆಲ್ಲ ಹೆದರಿದರೆ ವ್ಯಾಪಾರ ನಡೆಯುವುದಿಲ್ಲವಂತೆ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ಅಮ್ಮ ಹೇಳುತ್ತಿದ್ದಳು. ಇಲ್ಲಿ ಕೊಳ್ಳೆ ಹೊಡೆಯುವವರಿಗೆ ದಿನ, ಗಂಟೆ, ಊಟದ ಮೇಜು ಎಲ್ಲ ಗೊತ್ತು. ಬಾಗಿಲು ಹಾಕುವವರಿಗೆ ಕ್ರೇನಿನ ಚಿಂತೆ.

ಅಲ್ಲಿಂದ ನೇರ ಮೇಡಂ ಆಫೀಸಿಗೆ. ಮೂರು ಗಂಟೆ ಬೆಂಚಿನ ಮೇಲೆ ಕೂತೆ. ಒಳಗೆ ಬೇರೆ ಯಾರೋ ಇದ್ದರು, ಪೊಲೀಸ್ ಬೂಟಿನವರು. ಕರೆದಾಗ ಬೂಟಿನವರೂ ಅಲ್ಲೇ ಉಳಿದರು. ಇಪ್ಪತ್ತೆರಡು ವರ್ಷದ್ದೆಲ್ಲ ಹೇಳಿದೆ. ನಾನು ಮಾಡಿದ ತಪ್ಪುಗಳನ್ನೂ ಬಿಡಲಿಲ್ಲ. ಮೇಡಂ ಬರೆಯುತ್ತಲೇ ಇದ್ದರು. ಒಮ್ಮೆ ಪೆನ್ನು ನಿಲ್ಲಿಸಿ, ಇದನ್ನೆಲ್ಲ ನಿಮ್ಮನ್ನು ಮೊದಲೇ ಕೇಳಬೇಕಿತ್ತು ಎಂದರು.

ಫೆಬ್ರವರಿ 26

ಮತ್ತೆ ಕರೆಸಿದರು. ಈ ಪುಸ್ತಕವನ್ನು ಇವಳ ಹೊಲಿಗೆ ಡಬ್ಬದಡಿ ಇಡುತ್ತಿದ್ದೇನೆ.

ನಿಜವಾದ ಹಂಡೆ ಬೇರೆ ದಿನ, ಬೇರೆ ರಸ್ತೆ, ಬೆಂಗಾವಲಿನ ಜೊತೆ. ಮಂಗಳವಾರ ಎಂದಿನ ಗಾಡಿ ಎಂದಿನ ಹೊತ್ತಿಗೆ ಹೋಗಿ ಎಂದಿನ ಕಡೆ ನಿಲ್ಲುತ್ತದೆ, ಖಾಲಿಯಾಗಿ. ಹೇಗೆ ನಿಲ್ಲಿಸುತ್ತೇವೆ, ಯಾರು ಮೊದಲು ಇಳಿಯುತ್ತೇವೆ, ಎಲ್ಲ ನನ್ನಿಂದ ತಿಳಿದುಕೊಂಡರು. ಚಿತ್ರ ಬರೆದು ತೋರಿಸಿದೆ. ಗಾರ್ಡ್ ಬಟ್ಟೆಯಲ್ಲಿ ಪೊಲೀಸ್ ಇರುತ್ತಾರೆ.

ಡ್ರೈವರಿಗೆ ಏನು ಹೇಳುತ್ತೀರಿ ಎಂದೆ. ಏನೂ ಹೇಳುವುದಿಲ್ಲ ಎಂದರು ಬೂಟಿನವರು. ಗೊತ್ತಿದ್ದರೆ ಮುಖದಲ್ಲಿ ಕಾಣುತ್ತದಂತೆ.

ಆಗ ಎದ್ದು ನಿಂತೆ. ಇಷ್ಟು ದಿನದಲ್ಲಿ ಮೊದಲ ಸಲ ದನಿ ಏರಿತು.

"ಹಾಗೆ ಮಾಡ್ಬೇಡಿ. ಖಾಲಿ ಅಂತ ಅವನಿಗೆ ಹೇಳಿ. ಯಾಕೆ ಅಂತಾನೂ ಹೇಳಿ. ಬೇಡ ಅಂದ್ರೆ ಆ ಸೀಟಲ್ಲಿ ನಾನು ಕೂತ್ಕೋತೀನಿ."

ಬೂಟಿನವರು ನಕ್ಕರು. ಮೇಡಂ ನಗಲಿಲ್ಲ. ಹೇಳೋಣ ಎಂದರು. ಅವರಿಗೆ ಆ ಮೂವತ್ತೆಂಟು ನಿಮಿಷದ ನನ್ನ ಮುಖ ನೆನಪಿರಬೇಕು. ಕಾರಿನಲ್ಲಿ ಕೂತು ದೂರದಿಂದ ನೋಡುತ್ತಿದ್ದರಂತೆ. ಇವತ್ತು ಹೇಳಿದರು.

ಮಾರ್ಚ್ 2

ನಿನ್ನೆ ಭಾನುವಾರ ವಾರ್ಡಿಗೆ ಹೊಸ ಕೋಬಾಲ್ಟ್ ಬಂತಂತೆ, ಹೇಳದೆ ಕೇಳದೆ. ಇವಳು ಆಶ್ಚರ್ಯಪಟ್ಟು ಹೇಳಿದಳು. ನಾನು ಹೌದಾ ಎಂದೆ. ಒಂದು ಕ್ಷಣ ನನ್ನ ಮುಖ ನೋಡಿದಳು. ಕೇಳಲಿಲ್ಲ.

ಮೀಸೆಯಣ್ಣನಿಗೆ ವಿಷಯ ತಿಳಿಸಿದ್ದಾರೆ. ಬೇಡವೆನ್ನಬಹುದಿತ್ತು. ಒಪ್ಪಿದನಂತೆ.

ಮಾರ್ಚ್ 3, ಮಧ್ಯಾಹ್ನ 12.50

ಈಗ ನಿಲ್ಲಿಸುತ್ತಿರಬೇಕು. ಇಂಡಿಕೇಟರ್ ಹಾಕಿ, ಎಡಕ್ಕೆ, ಬೇವಿನ ಮರ ದಾಟಿ.

1.05

ಇಳಿದಿರಬೇಕು. ಇಬ್ಬರೂ. ನಾನು ಬರೆದುಕೊಟ್ಟ ಚಿತ್ರದ ಹಾಗೆ.

1.40

ಫೋನ್ ಇಲ್ಲ. ನಾನಾಗಿ ಮಾಡಬಾರದು ಎಂದಿದ್ದಾರೆ. ಅಡುಗೆಮನೆಯ ನಲ್ಲಿ ರಿಪೇರಿ ಮಾಡಿದೆ. ಕೆಟ್ಟಿರಲಿಲ್ಲ. ಈಗ ಸೋರುತ್ತಿದೆ.

2.25

ಅವನಿಗೆ ಐವತ್ತೊಂಬತ್ತು. ಓಡಲೂ ಆಗುವುದಿಲ್ಲ ಅವನಿಗೆ...

3.10

ಮೇಡಂ. ಎರಡೇ ಮಾತು. "ಸಿಕ್ಕಿದ್ದಾರೆ. ನಿಮ್ಮವರು ಕ್ಷೇಮ." ಇನ್ನೇನೂ ಕೇಳಬೇಡಿ ಎಂದರು. ಕೇಳಲಿಲ್ಲ. ಫೋನ್ ಇಟ್ಟು ಸೋರುವ ನಲ್ಲಿಯ ಕೆಳಗೆ ತಲೆ ಹಿಡಿದೆ.

ಮಾರ್ಚ್ 4

ಮೀಸೆಯಣ್ಣನೇ ಬಂದ. ಚಪ್ಪಲಿ ಬಿಡುವ ಮೊದಲೇ ಮಾತು ಶುರು. ಒಬ್ಬ ಗಾಡಿಯ ಬಾಗಿಲಿಗೆ ಕೈ ಹಾಕಿದ್ದನಂತೆ, ಇನ್ನೊಬ್ಬ ಕಾರಿನಲ್ಲಿ ಎಂಜಿನ್ ಚಾಲೂ ಇಟ್ಟು ಕಾಯುತ್ತಿದ್ದನಂತೆ. ಅಕ್ಕಪಕ್ಕ ಚಹಾ ಕುಡಿಯುತ್ತಿದ್ದವರೆಲ್ಲ ಪೊಲೀಸರೇ. ಸಿಕ್ಕ ಆ ಇಬ್ಬರೂ ಕಾಲೇಜು ಮೇಷ್ಟರ ಥರ ಇದ್ದರಂತೆ, ಬಸ್ಸಿನಲ್ಲಿ ನೋಡಿದರೆ ಎದ್ದು ಜಾಗ ಬಿಟ್ಟುಕೊಡಬೇಕು ಹಾಗೆ. ಏನು ಮಾಡುವವರಿದ್ದರು, ಹಿಂದೆ ಯಾರಿದ್ದಾರೆ, ನಮಗೆ ಯಾರೂ ಹೇಳುವುದಿಲ್ಲ. ಕಾರಿನಲ್ಲಿ ಒಂದು ನಕ್ಷೆ ಇತ್ತೆಂದು ಮಾತ್ರ ಅವನ ಕಿವಿಗೆ ಬಿದ್ದಿದೆ.

ಚಹಾ ತಣ್ಣಗಾಗುವವರೆಗೂ ಹೇಳಿದ. ಹೋಗುವಾಗ ಬಾಗಿಲ ಹತ್ತಿರ ನಿಂತು ಹೇಳಿದ:

"ಖಾಲಿ ಅಂತ ಗೊತ್ತಿದ್ರೂ ಇಳಿಯೋವಾಗ ಎರಡೆರಡು ಸಲ ಬೀಗ ನೋಡ್ದೆ ಕಣೋ. ಮಳೆ ದಿನ ತುಂಬಿತ್ತಲ್ಲ... ಅದೇ ನೆನಪಾಗ್ತಿತ್ತು."

ಗೊತ್ತಾಯ್ತಾ ಎನ್ನಲಿಲ್ಲ.

ಮಾರ್ಚ್ 19

ಮ್ಯಾನೇಜರ್ ಕರೆಸಿದರು. ಕುರ್ಚಿ ತೋರಿಸಿದರು, ಇದೇ ಮೊದಲ ಸಲ. ಅಮಾನತ್ತು ರದ್ದು. ಒಂದು ಪ್ರಶಂಸಾಪತ್ರ, ಚೌಕಟ್ಟು ಸಮೇತ. ಪತ್ರಿಕೆಗೆ ಕಳಿಸುವ ಹೇಳಿಕೆಯನ್ನೂ ತೋರಿಸಿದರು: ಕಂಪನಿಯ ಭದ್ರತಾ ವ್ಯವಸ್ಥೆ ಸಮರ್ಥವಾಗಿ ಕೆಲಸ ಮಾಡಿದೆ.

ಯಾವ ವ್ಯವಸ್ಥೆ ಎಂದು ಕೇಳಿದೆ. ಹೋಟೆಲ್ ಯಜಮಾನನಿಗೆ ಹರಟೆ ಹೊಡೆಯುವ ಅಭ್ಯಾಸ, ನನಗೆ ಬಸ್ಸು ಹತ್ತುವ ಹುಚ್ಚು, ಇವೆರಡು ಬಿಟ್ಟು ಇನ್ನೇನಿತ್ತು. ತುರ್ತು ನಂಬರ್ ಬದಲಾಗಿದೆಯಂತೆ, ಸಂತೋಷ. ಟ್ರ್ಯಾಕರ್ ಪರದೆ ನೋಡಲು ಊಟದ ಹೊತ್ತಿಗೆ ಯಾರು ಕೂರುತ್ತಾರೆ? ಎರಡನೇ ಡ್ರೈವರ್? ಗಾಡಿಯಲ್ಲೊಂದು ಮೀಟರ್? ಮಾವನ ಕೆಲಸ? ಮುಂದೆ ನೋಡೋಣ ಎಂದರು.

ಏಪ್ರಿಲ್ ಏಳಕ್ಕೆ ಸಾಗಾಣಿಕೆಯ ನಿಯಮ ತಿದ್ದುವ ಸಮಿತಿ ಕೂರುತ್ತದೆ. ಮೇಡಂ ನನ್ನನ್ನು ಮಾತಾಡಲು ಕರೆದಿದ್ದಾರೆ. ಕಂಪನಿಯ ವಾದ ಏನೆಂದು ಅವರೇ ಹೇಳಿದರು: ಇಪ್ಪತ್ತೆರಡು ವರ್ಷದಲ್ಲಿ ಲೋಪ ಆಗಿರುವುದು ಒಮ್ಮೆ, ಅದೂ ಪರೀಕ್ಷೆಯಲ್ಲಿ, ಅದಕ್ಕೆ ನಿಯಮವನ್ನೇ ಬದಲಿಸುವುದು ಬೇಡ.

ಒಮ್ಮೆ ಅಲ್ಲ ಎಂದು ನನಗೆ ಗೊತ್ತು. ಬಾಯಿ ಬಿಡುವಂತಿಲ್ಲ.

ಪ್ರಶಂಸಾಪತ್ರ ಮ್ಯಾನೇಜರ್ ಮೇಜಿನ ಮೇಲೇ ಬಿಟ್ಟುಬಂದೆ. ಇವಳಿಗೆ ಹೇಳಿದಾಗ, ಚೌಕಟ್ಟಾದರೂ ತರಬಾರದಿತ್ತಾ, ಮಗಳ ಫೋಟೋಗೆ ಆಗುತ್ತಿತ್ತು ಎಂದಳು.

ಏಪ್ರಿಲ್ 5, ಭಾನುವಾರ

ಮೀಸೆಯಣ್ಣನ ಮನೆಗೆ ಹೋಗಿಬಂದೆ. ಈ ಸಲ ಬೇಡಿಕೊಳ್ಳಲು ಹೋಗಿರಲಿಲ್ಲ. ಮಂಗಳವಾರ ನಾನೇನು ಹೇಳುತ್ತೇನೆ ಎಂದು ಮೊದಲೇ ತಿಳಿಸಲು ಹೋಗಿದ್ದೆ. ನನ್ನ ತಪ್ಪಿನಿಂದ ಶುರು ಮಾಡುತ್ತೇನೆ, ನಿನ್ನ ಮಳೆ ದಿನದ ಮಾತು ಬರುವುದಿಲ್ಲ, ನಿಶ್ಚಿಂತೆಯಿಂದ ಇರು ಎಂದೆ.

ನಂಬುತ್ತಾರಾ ಎಂದ. ಬಹುಶಃ ಇಲ್ಲ ಎಂದೆ. ಒಬ್ಬನ ಮಾತು ದೂರು ಎನಿಸುತ್ತದೆ, ಇಬ್ಬರದಾದರೆ ಸಾಕ್ಷಿ.

ಅತ್ತಿಗೆ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಅಲ್ಲಿಯವರೆಗೂ ಏನೂ ಗೊತ್ತಿರಲಿಲ್ಲ. ಯಾವ ಮಳೆ ದಿನ ಎಂದು ಅವನನ್ನು ಕೇಳಿದರು. ನಾನು ಅಲ್ಲಿರಬಾರದೆನ್ನಿಸಿ ಎದ್ದು ಬಂದೆ. ಗೇಟಿನ ಹತ್ತಿರ ಬಂದಾಗ ಒಳಗಿನಿಂದ ಅವನ ದನಿ ಕೇಳಿತು, ಮೆಲ್ಲಗೆ, ಉದ್ದಕ್ಕೆ. ಹೇಳುತ್ತಿದ್ದ.

ಏಪ್ರಿಲ್ 7, ಬೆಳಿಗ್ಗೆ 8.35

ಇವತ್ತೂ ಮೊದಲ ಮಂಗಳವಾರ. ಇವತ್ತು ಗಾಡಿ ಇಲ್ಲ, ದಿನ ಬದಲಾಗಿದೆ. ಯಾವ ದಿನ ಎಂದು ಈಗ ನನಗೂ ಗೊತ್ತಿಲ್ಲ. ಅಷ್ಟಾದರೂ ಆಯಿತು.

ಸಮಿತಿ ಹತ್ತಕ್ಕೆ. ಇವಳು ಶರ್ಟಿನ ಕಾಲರ್ ಸರಿಮಾಡಿ ಕಳಿಸಿದಳು. ಸಾರ್ ಸಾರ್ ಎಂದು ಕೈ ಹಿಸುಕಬೇಡಿ, ನಕ್ಷೆ ಬಿಡಿಸಿ ಮೇಜಿನ ಮೇಲಿಡಿ, ಮುಚ್ಚಳದ ಗುರುತು ಅವರೇ ನೋಡಲಿ ಎಂದಳು. ನಕ್ಷೆ ಪಕ್ಕದಲ್ಲಿದೆ.

ನೇರ ಹೋಗಬೇಕಿತ್ತು. ಪಕ್ಕದ ಮನೆಯವರಿಂದ ಕೇಳಿ ತಂದ ಕಾರು ಮೀಸೆಯಣ್ಣನ ಬೀದಿಗೆ ತಿರುಗಿತು. ಮನೆಯೆದುರು ನಿಲ್ಲಿಸಿದ್ದೇನೆ. ಹಾರ್ನ್ ಮಾಡುವುದಿಲ್ಲ, ಬಾಗಿಲು ತಟ್ಟುವುದಿಲ್ಲ. ಒಂಬತ್ತಕ್ಕೆ ಹೊರಟರೂ ಸಾಕು. ಅಲ್ಲಿಯವರೆಗೆ ಬರೆಯುತ್ತ ಕೂರುತ್ತೇನೆ.

ಅವನು ಬರದಿದ್ದರೂ ಹೇಳುವುದನ್ನು ಹೇಳುತ್ತೇನೆ. ಈ ಸಲ ನಂಬದಿದ್ದರೆ ಮುಂದಿನ ಸಲ. ಸಮಿತಿ ಇನ್ನೊಂದು ಬರುತ್ತದೆ, ಬೆಂಚು ಹೇಗೂ ಅಭ್ಯಾಸವಾಗಿದೆ.

8.50

ಪರದೆ ಸರಿಯಿತು. ಅತ್ತಿಗೆ. ನನ್ನನ್ನು ನೋಡಿದರು. ಪರದೆ ಮುಚ್ಚಿತು.

8.56

ಇಲ್ಲ. ಇರಲಿ. ಅವನ ಜಾಗದಲ್ಲಿ ನಾನಿದ್ದರೆ ನಾನೂ...

ಬಾಗಿಲು ತೆರೆಯಿತು. ಯೂನಿಫಾರ್ಮ್ ಹಾಕಿದ್ದಾನೆ, ಗರಿಗರಿ ಇಸ್ತ್ರಿ, ಕಂಕುಳಲ್ಲಿ ಕಳೆದ ವರ್ಷದ ಟ್ರಿಪ್ ಪುಸ್ತಕ. ಗೇಟು ದಾಟಿದ. ಅವನ ಕಡೆಯ ಬಾಗಿಲು ಒಳಗಿನಿಂದಲೇ ತೆಗೆಯಬೇಕು, ಲಾಕು ಕೆಟ್ಟಿದೆ. ಪುಸ್ತಕ ಮುಚ್ಚುತ್ತೇನೆ.